ಹಗೇವಿನ ಕಪ್ಪು ಜೋಳ

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಲಕ್ಷ್ಮೇಶ್ವರದ ಅಜ್ಜನ ಮನೆಯ ಹಿಂದಿನ ಅರ್ಧವನ್ನು ಕೆಡವಿ ಹೊಸದಾಗಿ ಕಟ್ಟಿಸಿದರು. ಬೇಸಿಗೆ ರಜೆ. ಪಾಯ ತೆಗೆಯುವುದನ್ನು ನೋಡುತ್ತಾ ಕೂರುವುದೇ ನನ್ನ ಕೆಲಸ. ಮೊಣಕಾಲುದ್ದ ಅಗೆಯುವ ತನಕ ಬರೀ ಹಳೇ ಗೋಡೆಯ ಮಣ್ಣು. ಆಮೇಲೆ ಬಣ್ಣ ಬದಲಾಯಿತು. ಮೊದಲು ಬೂದಿ ಬಣ್ಣ, ಅದರ ಕೆಳಗೆ ಕಪ್ಪು. ಕಪ್ಪಿನಲ್ಲಿ ಗಡಿಗೆಯ ಚೂರು, ಬಳೆ ಚೂರು, ಸಣ್ಣ ಸಣ್ಣ ಎಲುಬು. ಮೂರನೇ ದಿನ ಮೂಲೆಯೊಂದರಲ್ಲಿ ಗುದ್ದಲಿ ಧಸಕ್ಕನೆ ಒಳಗೆ ಹೋಯಿತು. ಕೆಳಗೆ ಟೊಳ್ಳು.

ಹಗೇವು ಅದು. ಮೈಸೂರು ಕಡೆಯವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ.

"ತಮ್ಮಾ, ಹಿಂದ ಸರಿ. ಒಳಗ ಗಾಳಿ ಕೆಟ್ಟಿರ್ತೈತಿ" ಅಂದ ಗೌಂಡಿ. ಒಂದು ಚಿಮಣಿ ಹಚ್ಚಿ, ಹಗ್ಗ ಕಟ್ಟಿ ಕೆಳಗೆ ಬಿಟ್ಟ. ಎರಡಾಳು ಆಳಕ್ಕೂ ಹೋಗಲಿಲ್ಲ, ದೀಪ ಆರಿತು. ಆವತ್ತು ಯಾರೂ ಇಳಿಯಲಿಲ್ಲ. ಮರುದಿನ ಬಾಯಿ ಅಗಲ ಮಾಡಿ ಇಳಿದಾಗ ತಳದಲ್ಲಿ ಗೇಣುದ್ದ ಕಪ್ಪು ಕಾಳು ಬಿದ್ದಿತ್ತು. ಜೋಳದ ಆಕಾರ ಹಾಗೇ ಇತ್ತು. ಬೆರಳಲ್ಲಿ ಹಿಸುಕಿದರೆ ಇದ್ದಿಲ ಪುಡಿ. "ಯಾರ ಕಾಲದ್ದೋ ಏನೋ" ಅಂದರು ಅಜ್ಜ.

ಸಂಜೆಯ ಹೊತ್ತಿಗೆ ಓಣಿ ತುಂಬಾ ಸುದ್ದಿ. ಅವರ ಮನೆಯಾಗ ಕೊಪ್ಪರಿಗೆ ಸಿಕ್ಕೈತಂತ! ರಾತ್ರಿ ಒಬ್ಬ ಹಿರಿಯರು ಬಂದು ಅಜ್ಜನ ಕಿವಿಯಲ್ಲಿ, "ಸರಕಾರದವರಿಗೆ ಗೊತ್ತಾದ್ರ ಜಾಗಾನ ಹೋಗ್ತೈತಿ, ಲಗೂನ ಮುಚ್ಚಿಸ್ರಿ" ಎಂದು ಹೇಳಿ ಹೋದರು. ಬೆಳಗಾಗುವಷ್ಟರಲ್ಲಿ ಅಜ್ಜ ನಿರ್ಧಾರ ಮಾಡಿದ್ದರು. ಹಗೇವಿಗೆ ಕಲ್ಲು, ಗರಸು ತುಂಬಿಸಿದರು. ಕಪ್ಪು ಮಣ್ಣು, ಗಡಿಗೆ ಚೂರು, ಆ ಜೋಳ ಎಲ್ಲಾ ಓಣಿಯ ತಗ್ಗಿಗೆ ಹೋಯಿತು. ಅದರಲ್ಲಿ ಎರಡು ಬುಟ್ಟಿ ನಾನೇ ಹೊತ್ತು ಸುರಿದೆ. ಬುಟ್ಟಿಗೆ ನಾಲ್ಕಾಣೆ ಕೊಡುತ್ತೇನೆ ಅಂದಿದ್ದರು.

ಈ ಕತೆ ನನಗೆ ಮರೆತೇ ಹೋಗಿತ್ತು. ಮತ್ತೆ ನೆನಪಾಗಿದ್ದು ಇಂಗ್ಲೆಂಡಿನಲ್ಲಿ, ಇಪ್ಪತ್ತೈದು ವರ್ಷದ ಮೇಲೆ.

ಕಂಪನಿ ಕೆಲಸಕ್ಕೆಂದು ನಾನು ಲೀಡ್ಸ್‌ನಲ್ಲಿದ್ದೆ. ಅಲ್ಲಿಂದ ಯಾರ್ಕ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಯಾರ್ಕ್ ಅಂದರೆ ನಮ್ಮ ಕೋಟೆ ಊರುಗಳ ಹಾಗೆ. ಸುತ್ತ ಕಲ್ಲಿನ ಗೋಡೆ, ಒಳಗೆ ಒತ್ತೊತ್ತಾಗಿ ಮನೆ, ನಡುವೆ ಬೆಟ್ಟದಂಥ ಚರ್ಚು. ರೋಮನ್ನರು ಕ್ರಿ.ಶ. 71ರಲ್ಲಿ ಅಲ್ಲಿ ದಂಡು ಹೂಡಿದರು. 866ರಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ದಂಡೆತ್ತಿ ಬಂದ ವೈಕಿಂಗರು ಊರನ್ನು ಹಿಡಿದು ಯೋರ್ವಿಕ್ ಅಂದರು. ಆಮೇಲೆ ನಾರ್ಮನ್ನರು. ಅಲ್ಲಿ ಬೀದಿಗೆ ಗೇಟ್ ಅನ್ನುತ್ತಾರೆ, ಊರಬಾಗಿಲಿಗೆ ಬಾರ್ ಅನ್ನುತ್ತಾರೆ. ಮೊದಲ ದಿನ ನನ್ನ ಗೆಳೆಯನೊಬ್ಬ ಬಾರ್ ಅಂತ ಬೋರ್ಡ್ ನೋಡಿ ಉತ್ಸಾಹದಿಂದ ನಡೆದುಹೋಗಿ ಒಂದು ಕಲ್ಲಿನ ಕಮಾನಿನ ಕೆಳಗೆ ನಿಂತಿದ್ದ.

ಊರಿನ ನಡುವೆ ಕಾಪರ್‌ಗೇಟ್ ಅಂತ ಒಂದು ಬೀದಿ. ಅಲ್ಲಿ ಕಾಪರೂ ಇಲ್ಲ, ಗೇಟೂ ಇಲ್ಲ. ವೈಕಿಂಗರ ಭಾಷೆಯಲ್ಲಿ ಗಾತಾ ಅಂದರೆ ಬೀದಿ, ಕೊಪ್ಪಾರಿ ಅಂದರೆ ಮರದ ಬಟ್ಟಲು ಮಾಡುವವನು. ನಮ್ಮ ಕುಂಬಾರ ಓಣಿ, ಬಣಗಾರ ಓಣಿ ಇದ್ದ ಹಾಗೆ ಅದು ಬಟ್ಟಲುಗಾರರ ಓಣಿ. ಕೊಪ್ಪಾರಿ ಅಂತ ಓದಿದಾಗಲೇ ನನಗೆ ಓಣಿಯವರ ಕೊಪ್ಪರಿಗೆ ನೆನಪಾಗಿದ್ದು. ಎರಡು ಪದಕ್ಕೂ ಸಂಬಂಧ ಇಲ್ಲ ಬಿಡಿ, ಸುಮ್ನೆ ಕಿವಿಗೆ ಹಾಗೆ ಕೇಳಿಸಿತು.

ಆ ಬೀದಿಯಲ್ಲಿ ಕ್ರೇವನ್ ಅನ್ನುವವರ ಮಿಠಾಯಿ ಕಾರ್ಖಾನೆ ಇತ್ತು. ಅದನ್ನು ಕೆಡವಿ ಅಂಗಡಿ ಸಂಕೀರ್ಣ ಕಟ್ಟುವ ಯೋಜನೆ ಬಂತು. ಊರಿನ ಕೆಳಗೆ ಏನಿದೆ ಅಂತ ಅಂದಾಜು ಇದ್ದವರು ಮೊದಲೇ ಎಚ್ಚರ ಆಗಿದ್ದರು. ರಸ್ತೆ, ಕಟ್ಟಡ ಅಂತ ಊರೆಲ್ಲ ಅಗೆಯುತ್ತಾರೆ ಅನ್ನುವ ಭಯದಲ್ಲೇ 1972ರಲ್ಲಿ ಯಾರ್ಕ್ ಆರ್ಕಿಯಲಾಜಿಕಲ್ ಟ್ರಸ್ಟ್ ಶುರುವಾಗಿತ್ತು. ಅದರ ಮುಖ್ಯಸ್ಥರು ಪೀಟರ್ ಆಡಿಮನ್. ಕಾಪರ್‌ಗೇಟ್ ಉತ್ಖನನ ನಡೆಸಿದವರು ರಿಚರ್ಡ್ ಹಾಲ್. 1976ರಲ್ಲಿ ಶುರುವಾದ ಕೆಲಸ 1981ರವರೆಗೂ ನಡೆಯಿತು. ಅಂಗಡಿ ಕಟ್ಟುವುದು ಐದು ವರ್ಷ ಕಾದಿತ್ತು!

ಯಾರ್ಕ್‌ನ ಆ ಭಾಗ ಊಸ್ ಮತ್ತು ಫಾಸ್ ಅನ್ನುವ ಎರಡು ಹೊಳೆಗಳ ನಡುವೆ ಇದೆ. ನೆಲ ಯಾವಾಗಲೂ ಒದ್ದೆ. ಸಾವಿರ ವರ್ಷ ಜನ ಮನೆ ಕಸ, ಸಗಣಿ, ಮರದ ಹೊಟ್ಟು ಎಲ್ಲಾ ಅಲ್ಲೇ ಚೆಲ್ಲಿ, ಅದರ ಮೇಲೇ ಮತ್ತೆ ಮನೆ ಕಟ್ಟಿದ್ದಾರೆ. ಕೆಲವು ಕಡೆ ಆ ಪದರಗಳು ಒಂಬತ್ತು ಮೀಟರ್ ಆಳಕ್ಕಿವೆ. ಮೂರು ಅಂತಸ್ತಿನ ಮನೆಯಷ್ಟು. ತಿಪ್ಪೆ ಹೋಗಿ ಉಪ್ಪರಿಗೆ, ಉಪ್ಪರಿಗೆ ಹೋಗಿ ತಿಪ್ಪೆ ಅಂತ ನಮ್ಮಲ್ಲಿ ಮಾತಿದೆಯಲ್ಲ, ಅದನ್ನು ಯಾರೋ ಗೋಡೆಯಲ್ಲಿ ಬರೆದು ತೋರಿಸಿದ ಹಾಗೆ. ಆ ಒದ್ದೆ ಮಣ್ಣಿನೊಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದಿದ್ದರೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಕೆಲಸ ಇಲ್ಲ. ಮರ, ಚರ್ಮ, ಬಟ್ಟೆ, ಬೀಜ ಎಲ್ಲಾ ಉಳಿಯುತ್ತವೆ.

ಈ ವಿವರಣೆಯನ್ನು ಅಲ್ಲಿನ ಮ್ಯೂಸಿಯಂನಲ್ಲಿ ಓದುತ್ತಾ ನಿಂತಾಗ ಚಿಮಣಿ ಆರಿದ್ದು ಕಣ್ಣಿಗೆ ಕಟ್ಟಿತು. ಇದು ಹಗೇವಿನ ವಿದ್ಯೆಯೇ ಅಲ್ವಾ? ಮುಚ್ಚಿದ ಹಗೇವಿನಲ್ಲಿ ಜೋಳವೇ ಉಸಿರಾಡಿ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸುತ್ತದೆ. ಆಮೇಲೆ ಹುಳ ಬದುಕುವುದಿಲ್ಲ. ಇಳಿದ ಮನುಷ್ಯನೂ ಬದುಕುವುದಿಲ್ಲ, ಅದಕ್ಕೇ ಮೊದಲು ದೀಪ ಬಿಡುವುದು. ನಮ್ಮ ಗೌಂಡಿಗೆ ಗೊತ್ತಿದ್ದ ವಿಷಯ ಅದು. ನಮ್ಮ ಮನೆಯ ಕೆಳಗೂ ಸಣ್ಣದೊಂದು ಕಾಪರ್‌ಗೇಟ್ ಇತ್ತು ಅನ್ನುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಕಾಪರ್‌ಗೇಟ್‌ನಲ್ಲಿ ಎಣಿಸಿ ಇಟ್ಟ ವಸ್ತುಗಳೇ ಸುಮಾರು 40,000. ಚಿನ್ನ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಏನಿತ್ತು ಅಂದರೆ, ಬಟ್ಟಲು ಕಡೆಯುವಾಗ ನಡುವೆ ಉಳಿಯುವ ಮರದ ತಿರುಳುಗಳು. ಜಿಂಕೆ ಕೊಂಬಿನ ಬಾಚಣಿಗೆ, ಹಾಳಾಗಿ ಎಸೆದ ಅರ್ಧ ಬಾಚಣಿಗೆ ಕೂಡ. ಚಪ್ಪಲಿ, ಬೂಟು. ಒಂದೇ ಸೂಜಿಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲ. ಮಂಜಿನ ಮೇಲೆ ಜಾರಲು ಎಲುಬಿನಿಂದ ಮಾಡಿದ ಪಟ್ಟಿಗಳು. ಮರದ ಸಣ್ಣ ಪೀಪಿ, ಊದಿದರೆ ಈಗಲೂ ಸ್ವರ ಬರುತ್ತದೆ. ಕೆಂಪು ಸಮುದ್ರದ ಕಡೆಯಿಂದ ಬಂದ ಒಂದು ಕವಡೆ. ಸಮರ್ಕಂದದ ಬೆಳ್ಳಿ ನಾಣ್ಯದ ನಕಲು! ಹತ್ತನೇ ಶತಮಾನದಲ್ಲಿ ಯಾರೋ ಪಾಪದವನ ಕೈಗೆ ಆ ಖೋಟಾ ನಾಣ್ಯ ಬಂದಿದೆ. ಅವನಿಗೆ ಗೊತ್ತಾದಾಗ ಏನು ಬೈದನೋ.

ಆಮೇಲೆ ಶೌಚದ ಗುಂಡಿಗಳು. ಸುತ್ತ ಸಣ್ಣ ಟೊಂಗೆಗಳನ್ನು ಹೆಣೆದು ಮಾಡಿದವು. ಅದರ ಮಣ್ಣನ್ನು ನೀರಿನಲ್ಲಿ ತೊಳೆದು, ಜರಡಿ ಹಿಡಿದು, ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಹಣ್ಣಿನ ಬೀಜ, ಮೀನಿನ ಮುಳ್ಳು, ಜೀರುಂಡೆಯ ರೆಕ್ಕೆ, ಹೇನು, ಚಿಗಟ, ಜಂತುಹುಳುವಿನ ಮೊಟ್ಟೆ. ಒರೆಸಿಕೊಳ್ಳಲು ಬಳಸಿದ ಪಾಚಿ ಸಹ. ರಾಜರ ವಂಶಾವಳಿ ಹೇಳುವ ಶಾಸನ ಬೇಕಾದಷ್ಟಿವೆ. ಊರಿನ ಸಾಮಾನ್ಯ ಮನುಷ್ಯನ ಹೊಟ್ಟೆಯಲ್ಲಿ ಎಷ್ಟು ಹುಳ ಇತ್ತು ಅಂತ ಯಾವ ಶಾಸನವೂ ಹೇಳುವುದಿಲ್ಲ.

ಇದೇ ಊರಿನ ಇನ್ನೊಂದು ಹೆಮ್ಮೆಯ ವಸ್ತು ಹೇಳದಿದ್ದರೆ ತಪ್ಪಾಗುತ್ತದೆ. ಪಕ್ಕದ ಬೀದಿಯಲ್ಲಿ ಲಾಯ್ಡ್ಸ್ ಬ್ಯಾಂಕಿನ ಕಟ್ಟಡ ಬರಬೇಕಿದ್ದ ಜಾಗದಲ್ಲಿ 1972ರಲ್ಲಿ ಸಿಕ್ಕಿದ್ದು. ವೈಕಿಂಗ್ ಒಬ್ಬನ ಮಲ. ಸುಮಾರು 20 ಸೆಂಟಿಮೀಟರ್ ಉದ್ದ, ಒಂದೇ ತುಂಡು. ಅವನು ಮಾಂಸ, ರೊಟ್ಟಿ ಜಾಸ್ತಿ ತಿನ್ನುತ್ತಿದ್ದ, ಹೊಟ್ಟೆ ತುಂಬಾ ಜಂತು ಇತ್ತು. 2003ರಲ್ಲಿ ನೋಡಲು ಬಂದವರ ಕೈ ತಪ್ಪಿ ಬಿದ್ದು ಮೂರು ತುಂಡಾಯಿತು. ಮತ್ತೆ ಅಂಟಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಮಕ್ಕಳು ಸಾಲುಗಟ್ಟಿ ನೋಡುತ್ತಾರೆ. ನನ್ನ ಮಗಳು ಅಲ್ಲಿಂದ ಕದಲಲೇ ಇಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಕಾಪರ್‌ಗೇಟ್‌ನಲ್ಲಿ ನಾಲ್ಕು ಮನೆಗಳ ಹಿತ್ತಲು ಅಕ್ಕಪಕ್ಕ ಸಿಕ್ಕವು. ನಡುವೆ ಹೆಣೆದ ಬೇಲಿ. ಹತ್ತನೇ ಶತಮಾನದ ಶುರುವಿನಲ್ಲಿ ಹಾಕಿದ ಆ ಬೇಲಿಯ ಗೆರೆಯ ಮೇಲೇ ಮುಂದಿನ ಬೇಲಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಗೋಡೆ. ಮನೆ ಬಿದ್ದವು, ಬೆಂಕಿ ಬಿತ್ತು, ರಾಜರು ಬದಲಾದರು, ಭಾಷೆಯೇ ಬದಲಾಯಿತು. ಹಿತ್ತಲಿನ ಗಡಿ ಮಾತ್ರ ನಮ್ಮ ಕಾಲದವರೆಗೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಒಂದು ಗೇಣು ಜಾಗಕ್ಕೆ ಹದಿನೆಂಟು ವರ್ಷ ಕೋರ್ಟಿಗೆ ಅಲೆದ ಮನೆತನದವನು ನಾನು. ನನಗೆ ಇದು ತಟ್ಟನೆ ಅರ್ಥವಾಯಿತು.

ಆ ಬೇಲಿ ಹೊಸದಾಗಿದ್ದ ಕಾಲಕ್ಕೇ, 941ರಲ್ಲಿ, ಪಂಪ ತನ್ನ ಕಾವ್ಯ ಬರೆದದ್ದು. ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆ ಅಂದ. ಪುಲಿಗೆರೆ ಅಂದರೆ ನಮ್ಮ ಲಕ್ಷ್ಮೇಶ್ವರವೇ. ಕಾಪರ್‌ಗೇಟ್‌ನ ಬಟ್ಟಲುಗಾರ ಏನು ಉಣ್ಣುತ್ತಿದ್ದ, ಎಂಥ ಬೂಟು ಹಾಕುತ್ತಿದ್ದ, ಹಿತ್ತಲಲ್ಲಿ ಏನು ಬಿಸಾಕುತ್ತಿದ್ದ ಅಂತ ನನಗೀಗ ಗೊತ್ತು. ಅದೇ ವರ್ಷ ಪುಲಿಗೆರೆಯ ಓಣಿಯಲ್ಲಿ ಆ ಚೆಂದದ ಕನ್ನಡ ಮಾತಾಡುತ್ತಿದ್ದವರ ಬಗ್ಗೆ? ಸೋಮೇಶ್ವರ ಗುಡಿ ಇದೆ, ಶಂಖ ಬಸದಿ ಇದೆ, ಶಾಸನಗಳಿವೆ. ಯಾರು ಎಷ್ಟು ಭೂಮಿ ದಾನ ಕೊಟ್ಟರು ಅಂತ ಗೊತ್ತು. ಅವರ ಅಡಿಗೆಮನೆ ಗೊತ್ತಿಲ್ಲ. ನಾನು ತಗ್ಗಿಗೆ ಸುರಿದ ಎರಡು ಬುಟ್ಟಿ ಪಂಪನ ಕಾಲದ್ದೇ ಅಂತ ಹೇಳುತ್ತಿಲ್ಲ. ನೂರು ವರ್ಷ ಹಳೆಯದೂ ಇರಬಹುದು. ಆದರೆ ಅದನ್ನು ಕಂಡುಹಿಡಿಯುವ ದಾರಿಯೇ ಬುಟ್ಟಿಯ ಜೊತೆ ಹೋಯಿತು.

ಗಡಿಗೆ ಚೂರನ್ನು ಎತ್ತಿ ಜೋಪಾನ ಮಾಡಿದ್ದರೂ ಸಾಲುತ್ತಿರಲಿಲ್ಲ. ಯಾವ ಪದರದಲ್ಲಿ, ಯಾವುದರ ಮೇಲೆ, ಯಾವುದರ ಕೆಳಗೆ ಇತ್ತು ಅನ್ನುವುದೇ ಮುಖ್ಯ. ಅವರು ಅಗೆಯುವ ರೀತಿಯೇ ಬೇರೆ. ಕೊನೆಗೆ ಬಿದ್ದ ಮಣ್ಣನ್ನು ಮೊದಲು ತೆಗೆಯುತ್ತಾರೆ. ಒಂದು ಗುಂಡಿ ತೋಡಿದ್ದು ಒಂದು ಘಟನೆ, ಅದು ತುಂಬಿದ್ದು ಇನ್ನೊಂದು. ಪ್ರತಿಯೊಂದಕ್ಕೂ ನಂಬರು, ಚಿತ್ರ, ಅಳತೆ. ಪಾಯ ತೆಗೆಯುವಾಗ ನಾವು ಅಡ್ಡಗೋಡೆ ನೆಟ್ಟಗೆ ಬರಲಿ ಅಂತ ಎಲ್ಲಾ ಪದರ ಒಟ್ಟಿಗೆ ಕತ್ತರಿಸುತ್ತೇವೆ. ತಮಾಷೆ ಅಂದರೆ, ಅವರ ಕೈಯಲ್ಲಿರುವ ಮುಖ್ಯ ಆಯುಧ ಗೌಂಡಿಯ ಕರಣೆ. ಅದೇ ಚೂಪು ಮೂತಿಯ ಸಣ್ಣ ಕರಣೆ. ಒಬ್ಬ ಅದರಲ್ಲಿ ಗಾರೆ ಹಚ್ಚುತ್ತಾನೆ, ಇನ್ನೊಬ್ಬ ಮಣ್ಣು ಕೆರೆಯುತ್ತಾನೆ.

ಇಷ್ಟೆಲ್ಲಾ ಮಾಡಿಯೂ ಅವರಿಗೆ ತಪ್ಪಿಹೋಗುವುದರಲ್ಲಿತ್ತು. ಉತ್ಖನನ ಮುಗಿಯಿತು, ಕಟ್ಟಡದ ಕೆಲಸ ಶುರುವಾಯಿತು. 1982ರ ಮೇ 12ರಂದು ಅಗೆಯುವ ಯಂತ್ರದ ಬಕೆಟ್ಟಿಗೆ ಏನೋ ಗಟ್ಟಿಯಾದದ್ದು ತಗುಲಿತು. ಚಾಲಕ ಕಲ್ಲು ಅಂದುಕೊಂಡು ಮುಂದೆ ಹೋಗಬಹುದಿತ್ತು. ನಿಲ್ಲಿಸಿ, ಇಳಿದು ನೋಡಿದ. ಎಂಟನೇ ಶತಮಾನದ ಶಿರಸ್ತ್ರಾಣ. ಕಬ್ಬಿಣದ್ದು, ಹಿತ್ತಾಳೆಯ ಪಟ್ಟಿ, ಮೂಗಿನ ಮೇಲೆ ಕೆತ್ತನೆ, ಕುತ್ತಿಗೆಗೆ ಕಬ್ಬಿಣದ ಬಳೆಗಳ ಜಾಲರಿ. ಪಟ್ಟಿಯ ಮೇಲೆ ಲ್ಯಾಟಿನ್ ಪ್ರಾರ್ಥನೆ, ಅದರಲ್ಲಿ ಓಶೆರೆ ಅನ್ನುವ ಹೆಸರು. ಈಗ ಅದು ಯಾರ್ಕ್‌ಷೈರ್ ಮ್ಯೂಸಿಯಂನಲ್ಲಿದೆ. ನಾನು ಅದರ ಮುಂದೆ ನಿಂತು ಓಶೆರೆಗಿಂತ ಜಾಸ್ತಿ ಆ ಚಾಲಕನ ಬಗ್ಗೆ ಯೋಚಿಸಿದೆ. ಅವನು ಯಾಕೆ ಇಳಿದ? ಐದು ವರ್ಷ ಊರಿನ ನಡುವೆ ಆ ಗುಂಡಿ ತೆರೆದಿತ್ತು. ಐದು ಲಕ್ಷಕ್ಕೂ ಹೆಚ್ಚು ಜನ ಬಂದು ಇಣುಕಿ ನೋಡಿ ಹೋಗಿದ್ದರು. ನೆಲದೊಳಗೆ ಸಿಕ್ಕಿದ್ದನ್ನು ಹೇಳಿದರೆ ಕೆಲಸ ಹೋಗುವುದಿಲ್ಲ, ಜಾಗ ಹೋಗುವುದಿಲ್ಲ ಅಂತ ಆ ಊರಿಗೆ ಗೊತ್ತಾಗಿತ್ತು. ನಮ್ಮ ಅಜ್ಜನಿಗೆ ಅಂಥ ಧೈರ್ಯ ಯಾರೂ ಕೊಟ್ಟಿರಲಿಲ್ಲ.

ಇಂಗ್ಲೆಂಡಿನವರು ಹುಟ್ಟಾ ಒಳ್ಳೆಯವರು ಅಂತೇನಲ್ಲ. 1989ರಲ್ಲಿ ಲಂಡನ್ನಿನಲ್ಲಿ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ತಳಪಾಯ ಸಿಕ್ಕಾಗ ದೊಡ್ಡ ಜಗಳವೇ ಆಯಿತು. ನಟನಟಿಯರು ಬೀದಿಗೆ ಬಂದರು. ಆಮೇಲೇ, 1990ರ ನವೆಂಬರ್‌ನಲ್ಲಿ, ಸರ್ಕಾರ ಸ್ಪಷ್ಟವಾಗಿ ಹೇಳಿದ್ದು: ಕಟ್ಟಡಕ್ಕೆ ಅನುಮತಿ ಕೊಡುವ ಮೊದಲೇ ನೆಲದೊಳಗೆ ಏನಿದೆ ಅಂತ ನೋಡಬೇಕು. ಆದಷ್ಟು ಹಾಗೇ ಬಿಡಬೇಕು. ಆಗದಿದ್ದರೆ ಅಗೆದು ದಾಖಲಿಸಬೇಕು, ಖರ್ಚು ಕಟ್ಟುವವನದ್ದು. ಯಾರ್ಕ್ ಇನ್ನೂ ಮುಂದೆ ಹೋಗಿ, ಹೊಸ ಕಟ್ಟಡ ಕೆಳಗಿನ ಪದರಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಹಾಳು ಮಾಡಬಾರದು ಅಂತ ಲೆಕ್ಕ ಇಟ್ಟುಕೊಂಡಿತು. ಹಂಗೇಟ್ ಅನ್ನುವ ಕಡೆ ಮನೆಗಳನ್ನು ಕಟ್ಟುವ ಮುಂಚೆ 2006ರಿಂದ 2011ರವರೆಗೆ ಅಗೆದರು. ಅಲ್ಲಿ ವೈಕಿಂಗರ ನೆಲಮಾಳಿಗೆಯೂ ಸಿಕ್ಕಿತು, ನೂರು ವರ್ಷ ಹಿಂದಿನ ಬಡವರ ಕೇರಿಯ ಶೌಚದ ಸಾಲೂ ಸಿಕ್ಕಿತು. ಎರಡನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದರು. ನನಗೆ ಇದು ತುಂಬಾ ಹಿಡಿಸಿತು.

ಗೊಣಗಾಟ ಅಲ್ಲೂ ಇದೆ. ದುಡ್ಡು ಕೊಡುವವನಿಗೆ ಬೇಕಾಗಿರುವುದು ಬೇಗ ಮುಗಿಯುವುದು. ಎಷ್ಟೋ ವರದಿಗಳು ಯಾರೂ ಓದದ ಫೈಲಾಗಿ ಬಿದ್ದಿರುತ್ತವೆ. ಹಾಗೇ ಬಿಟ್ಟ ಪದರ ಸುತ್ತಲಿನ ಕಟ್ಟಡಗಳಿಂದ ಒಣಗಿದರೆ ಗಾಳಿ ಹೊಕ್ಕು ಕೊಳೆಯುತ್ತದೆ. ಬಾಯಿ ಸಡಿಲಾದ ಹಗೇವಿನ ಹಾಗೆ. ಡಬ್ಲಿನ್‌ನಲ್ಲಂತೂ ವುಡ್ ಕೀ ಅನ್ನುವ ಕಡೆ ವೈಕಿಂಗ್ ಊರೇ ಸಿಕ್ಕಿದರೂ, 1978ರಲ್ಲಿ ಸುಮಾರು 20,000 ಜನ ಮೆರವಣಿಗೆ ಮಾಡಿದರೂ, ನಗರಪಾಲಿಕೆಯ ಕಚೇರಿ ಅದರ ಮೇಲೇ ಎದ್ದಿತು.

ನಮ್ಮ ಕಾನೂನು ನೋಡುವುದು ಮೇಲಿರುವುದನ್ನು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ತನಕ ಹೊಸದಾಗಿ ಕಟ್ಟುವ ಹಾಗಿಲ್ಲ. ಆಮೇಲಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಬೀದರ್, ಶ್ರೀರಂಗಪಟ್ಟಣದಂಥ ಊರಿನವರನ್ನು ಕೇಳಿ, ಒಂದು ಬಾತ್‌ರೂಮು ಕಟ್ಟುವ ಕಷ್ಟ ಹೇಳುತ್ತಾರೆ. ಟೇಪು ಮುಗಿದ ಕಡೆಯಿಂದ ಆಚೆ ಪಾಯ ಎಷ್ಟು ಆಳ ತೆಗೆದರೂ ಕೇಳುವವರಿಲ್ಲ. ಊರು ಮಾತ್ರ ಟೇಪು ಹಿಡಿದು ಬೆಳೆದಿಲ್ಲವಲ್ಲ. ನೆಲದೊಳಗಿನ ವಸ್ತುವಿಗೆ ಅಂತ 1878ರಲ್ಲೇ ಬ್ರಿಟಿಷರು ಒಂದು ನಿಧಿ ಕಾನೂನು ಮಾಡಿದರು. ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಬೆಲೆ! ಕಪ್ಪಾದ ಜೋಳದ ಬೆಲೆ ಎಷ್ಟು ಅಂತ ಬರೆಯುವುದು? ಬೆಂಗಳೂರಿನಲ್ಲಿ 2012ರಲ್ಲಿ ಮಾರ್ಕೆಟ್ ಹತ್ತಿರ ಮೆಟ್ರೋಗೆ ಅಗೆಯುವಾಗ ಎರಡು ಹಳೇ ಫಿರಂಗಿ ಸಿಕ್ಕಿ ಪೇಪರಿನಲ್ಲೆಲ್ಲಾ ಬಂತು. ಫಿರಂಗಿ ಕಣ್ಣಿಗೆ ಬೀಳುತ್ತದೆ. ಅದರ ಸುತ್ತ ಇದ್ದ ಮಣ್ಣು ಕಣ್ಣಿಗೆ ಬೀಳುವುದಿಲ್ಲ.

ಹಾಗಂತ ನಮ್ಮವರಿಗೆ ತಿಪ್ಪೆ ಓದಲು ಬರುವುದಿಲ್ಲ ಅಂತಲ್ಲ. ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಬೂದಿ ಅನ್ನುತ್ತಿದ್ದರು. ಅವು ನಾಲ್ಕೈದು ಸಾವಿರ ವರ್ಷ ಹಿಂದಿನ ದನದ ದೊಡ್ಡಿಯ ಸಗಣಿ ಸುಟ್ಟು ಆದ ದಿಬ್ಬ ಅಂತ ಅಗೆದವರು ತೋರಿಸಿದರು. ಸುರಪುರದ ಕಡೆ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಕೂತು ಅಂಥ ಒಂದು ದಿಬ್ಬವನ್ನೂ ಅದರ ಪಕ್ಕದ ಊರನ್ನೂ ಬಿಡಿಸಿದರು. ಜನ ಬಿಟ್ಟುಹೋದ ಬಯಲಿನಲ್ಲಿ ಇದು ನಡೆಯುತ್ತದೆ. ಜನ ಇರುವ ಊರಿನಲ್ಲಿ, ಪಾಯ ತೆಗೆಯುವ ಹೊತ್ತಿಗೆ, ಎರಡು ವಾರ ಬಂದು ನೋಡಿ ಹೋಗುವವರು ಇಲ್ಲ. ಜಾಗ ಕಿತ್ತುಕೊಳ್ಳಲ್ಲ, ಹದಿನೈದು ದಿನ ಕೊಡಿ ಸಾಕು ಅಂತ ಹೇಳುವ ಒಬ್ಬ ಮನುಷ್ಯ ಆ ರಾತ್ರಿ ನಮ್ಮ ಮನೆಗೆ ಬಂದಿದ್ದರೆ ಅಜ್ಜ ಒಪ್ಪುತ್ತಿದ್ದರು ಅಂತ ನನಗೆ ಅನಿಸುತ್ತದೆ. ಅಜ್ಜಿಯಂತೂ ಆ ಮನುಷ್ಯನನ್ನು ಊಟಕ್ಕೇ ಎಬ್ಬಿಸುತ್ತಿದ್ದಳು.

ಹೋದ ತಿಂಗಳು ಕಾಕಾನ ಮಗ ಫೋನ್ ಮಾಡಿದ್ದ. ಮನೆಯ ಮುಂದಿನ ಅರ್ಧವನ್ನೂ ಕೆಡವಿದ್ದಾರೆ. ಈ ಸಲ ಜೆಸಿಬಿ. ಕಾಲಮ್ಮಿಗೆ ಗುಂಡಿ ತೆಗೆಯುತ್ತಿದ್ದಾರೆ, ಗುಂಡಿಗೆ ಅರ್ಧ ತಾಸೂ ಹಿಡಿಯುವುದಿಲ್ಲ. ಕೆಲಸ ನಿಲ್ಲಿಸು ಅಂತ ಹೇಳುವ ಮುಖ ನನಗಿಲ್ಲ. ಗುಂಡಿಯ ಪಕ್ಕದ ಗೋಡೆಯನ್ನು ಗುದ್ದಲಿಯಿಂದ ನುಣ್ಣಗೆ ಕೆರೆಸಿ ಒಂದು ಫೋಟೋ ಕಳಿಸು, ಅಳತೆ ಗೊತ್ತಾಗಲಿಕ್ಕೆ ಪಕ್ಕಕ್ಕೆ ಏನಾದರೂ ಇಡು ಅಂದೆ.

"ಏನ್ ಇಡ್ಲಿ ಅಣ್ಣಾ?"

"ಟೇಪ್ ಇಡಪಾ."

"ಟೇಪ್ ಗೌಂಡಿ ಒಯ್ದಾನ."

ಅರ್ಧ ಗಂಟೆ ಬಿಟ್ಟು ಫೋಟೋ ಬಂತು. ಮಣ್ಣಿನ ಗೋಡೆಗೆ ತನ್ನ ಚಪ್ಪಲಿಯನ್ನು ನೆಟ್ಟಗೆ ಒರಗಿಸಿ ನಿಲ್ಲಿಸಿದ್ದಾನೆ. ಒಂಬತ್ತು ನಂಬರಿನದು, ಕೇಳಿಕೊಂಡೆ. ಮೇಲಿಂದ ಎರಡೂವರೆ ಚಪ್ಪಲಿ ಹಳದಿ ಮಣ್ಣು. ಆಮೇಲೆ ಅರ್ಧ ಚಪ್ಪಲಿ ಬೂದಿ. ಅದರ ಕೆಳಗೆ ಕಪ್ಪು, ಗುಂಡಿಯ ತಳದವರೆಗೂ ಕಪ್ಪು.